ಮೇಸ್ತ್ರಿ ತಂದ ಆಳಿಗೆ ಪೆಟ್ಟಾದರೆ ಹೊಣೆ ಯಾರದು?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು 12 ಎಕರೆ ಕಾಫಿ ತೋಟ. ಖಾಯಂ ಆಳುಗಳು ಆರು ಜನ. ಮೆಣಸು ಕುಯ್ಲಿಗೆ, ಮರಗಸಿಗೆ (ನೆರಳು ಮರದ ಕೊಂಬೆ ಕಡಿಯುವುದಕ್ಕೆ) ಮೇಸ್ತ್ರಿಯೊಬ್ಬರು ಅಸ್ಸಾಮಿನ ಹುಡುಗರನ್ನು ಕರೆತರುತ್ತಾರೆ. ‘ಏನಾದರೂ ಆದರೆ ನಾನಿದ್ದೀನಿ’ ಅಂತಾರೆ. ವಯನಾಡಿನಲ್ಲಿರುವ ಮಾವನವರ ತೋಟವನ್ನೂ ನಾನೇ ನೋಡಿಕೊಳ್ಳುತ್ತೇನೆ. ಎರಡು ರಾಜ್ಯಕ್ಕೂ ಬೇರೆ ಬೇರೆ ವಿಮೆ ಬೇಕಾ ಸಾರ್?
– ಒಬ್ಬ ಬೆಳೆಗಾರ

ಉತ್ತರ: ಮೇಸ್ತ್ರಿ ಮಾತು ನಂಬಿಕೊಂಡು ಕೂರಬೇಡಿ. ನಿಮ್ಮ ತೋಟದ ಕೆಲಸವನ್ನು ಗುತ್ತಿಗೆಯವರ ಕೈಲಿ ಮಾಡಿಸಿದರೂ ಪರಿಹಾರವನ್ನು ನಿಮ್ಮಿಂದಲೇ ಕೇಳಬಹುದು. ಕೊಟ್ಟ ಮೇಲೆ ಮೇಸ್ತ್ರಿಯಿಂದ ವಸೂಲಿ ಮಾಡುವ ಹಕ್ಕು ನಿಮಗಿದೆ, ಆದರೆ ಅವರು ಕೈಗೆ ಸಿಗಬೇಕಲ್ವಾ?

ಕಾನೂನು ಇಡೀ ದೇಶಕ್ಕೆ ಒಂದೇ. 1923ರ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಪಾಲಿಸಿಯಲ್ಲಿ ಮಾತ್ರ ಕೆಲಸದ ಜಾಗ ಬರೆಸಬೇಕು, ಹಾಗಾಗಿ ಸಕಲೇಶಪುರದ ಪಾಲಿಸಿ ವಯನಾಡಿಗೂ ಆಗುತ್ತದೆ ಅಂದುಕೊಳ್ಳಬೇಡಿ. ಅಲ್ಲಿ ಸಂಬಳ ಕೊಡುವವರು ಮಾವನವರಾದರೆ ಪಾಲಿಸಿ ಅವರ ಹೆಸರಲ್ಲಿರಲಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಬೇರೆಯೇ ವಿಷಯ. ಹಾಸನ ಪೇಟೆಯಲ್ಲಿ ಹತ್ತು ಜನರಿರುವ ಅಂಗಡಿಗೋ ಕಾರ್ಖಾನೆಗೋ ಅದು ಅನ್ವಯಿಸುತ್ತದೆ, ಅಲ್ಲಿ ಮಾಲೀಕರ ಪಾಲು ಸಂಬಳದ ಶೇ. 3.25. ತೋಟಗಳು ತಾವಾಗಿ ಅದರೊಳಗೆ ಬರುವುದಿಲ್ಲ.

ಪಾಲಿಸಿ ಇಲ್ಲದಿದ್ದರೂ ಹೊಣೆ ತಪ್ಪುವುದಿಲ್ಲ, ದುಡ್ಡು ನಿಮ್ಮ ಜೇಬಿನಿಂದ ಹೋಗುತ್ತದೆ, ಅಷ್ಟೇ. ಲೆಕ್ಕ ನೋಡಿ. ತಿಂಗಳಿಗೆ 15,000 ದುಡಿಯುವ 30 ವರ್ಷದ ಹುಡುಗ ಸತ್ತರೆ, ಸಂಬಳದ ಅರ್ಧವನ್ನು ಆ ವಯಸ್ಸಿಗೆ ಕಾನೂನಿನ ಪಟ್ಟಿಯಲ್ಲಿ ಹೇಳಿರುವ 207.98ರಿಂದ ಗುಣಿಸಬೇಕು. 15,59,850 ರೂಪಾಯಿ! ಪೂರ್ತಿ ಕೈಲಾಗದವನಾಗಿ ಉಳಿದರೆ ಇನ್ನೂ ಜಾಸ್ತಿ, ಯಾಕೆಂದರೆ ಆಗ ಸಂಬಳದ ಶೇ. 60 ಹಿಡಿಯುತ್ತಾರೆ. ಆಸ್ಪತ್ರೆ ಖರ್ಚು ಬೇರೆ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ, ಸರಿಯಾದ ಕಾರಣವಿಲ್ಲದೆ ತಡ ಮಾಡಿದರೆ ದಂಡ. ಆ ದಂಡವನ್ನು ವಿಮೆಯವರು ಕಟ್ಟುವುದಿಲ್ಲ.

ನಮ್ಮ ಕಡೆ ಜಾಸ್ತಿ ಆಗುವ ತಪ್ಪು ಇನ್ನೊಂದಿದೆ. ಆಳು ತೀರಿಕೊಂಡರೆ ಮನೆಯವರ ಕೈಗೆ ಲಕ್ಷವೋ ಎರಡು ಲಕ್ಷವೋ ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು, ಹೆಣ ಊರಿಗೆ ಕಳಿಸಿ ‘ಮುಗೀತು’ ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಸಾವಿನ ಪರಿಹಾರವನ್ನು ಅದನ್ನು ತೀರ್ಮಾನಿಸುವ ಸರ್ಕಾರಿ ಅಧಿಕಾರಿಯ ಬಳಿಯೇ ಠೇವಣಿ ಇಡಬೇಕು. ಮುಂಗಡವಾಗಿ ಮೂರು ತಿಂಗಳ ಸಂಬಳದಷ್ಟು ನೇರವಾಗಿ ಕೊಡಬಹುದು, ಅದಕ್ಕಿಂತ ಜಾಸ್ತಿ ಕೈಗೆ ಕೊಟ್ಟಿದ್ದು ಪರಿಹಾರದ ಲೆಕ್ಕಕ್ಕೆ ಬರುವುದಿಲ್ಲ. ಈ ನಿಯಮ ಇರುವುದೇ ಒಳ್ಳೆಯದು ಅಂತ ನನಗನ್ನಿಸುತ್ತದೆ. ಸಾವಿರಾರು ಮೈಲಿ ದೂರದಲ್ಲಿ, ಭಾಷೆಯೂ ಗೊತ್ತಿಲ್ಲದೆ ನಿಂತ ಹೆಣ್ಣುಮಗಳಿಗೆ ಚೌಕಾಸಿ ಮಾಡುವ ಶಕ್ತಿ ಎಲ್ಲಿರುತ್ತದೆ?

ಪಾಲಿಸಿ ಮಾಡಿಸುವಾಗ ಆರು ಜನ ಅಂತ ಮಾತ್ರ ಬರೆಸಬೇಡಿ. ಮೇಸ್ತ್ರಿಯ ಆಳುಗಳನ್ನೂ ಸೇರಿಸಿ, ನಿಜವಾದ ಸಂಬಳ ಹೇಳಿ, ಹಾಜರಿ ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರು ಬರೆದಿಡಿ. ಮನೆಯಿಂದ ಕೆಲಸಕ್ಕೆ ಬರುವಾಗ, ವಾಪಸು ಹೋಗುವಾಗ ಆದ ಅಪಘಾತವೂ ಈಗ ಪರಿಹಾರದೊಳಗೆ ಬರಬಹುದು, ಪಿಕಪ್‌ನಲ್ಲಿ ಆಳು ತುಂಬಿಸುವವರು ಇದನ್ನು ಗಮನಿಸಿ.

ಈ ಕುಯ್ಲಿಗೆ ಮೊದಲು ಇನ್ನೊಂದು ಕೆಲಸ ಮಾಡಿ. ಕರೆಂಟ್ ತಂತಿ ಹಾದುಹೋಗುವ ಸಾಲಿಗೆ ಅಲ್ಯೂಮಿನಿಯಂ ಏಣಿ ಕೊಡಲೇಬೇಡಿ. ಅಲ್ಲಿ ಮೆಣಸು ಕುಯ್ಯುವ ದಿನ ಲೈನ್‌ಮನ್‌ಗೆ ಹೇಳಿ ಲೈನ್ ಆಫ್ ಮಾಡಿಸಿ.