ಮೂರು ಕ್ರೆಡಿಟ್ ಕಾರ್ಡ್‌ಗಳ ಬಾಕಿಯನ್ನು ಏಜೆಂಟರ ನೆರವಿಲ್ಲದೆ ನಾನೇ ತೀರಿಸಿಕೊಳ್ಳಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಮೂರು ಕಾರ್ಡ್‌ಗಳಲ್ಲಿ ಸೇರಿ 2,60,000 ರೂಪಾಯಿ ಬಾಕಿ ಇದೆ, ಪ್ರತಿ ತಿಂಗಳೂ ಮಿನಿಮಮ್ (ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಎಂದು ಸುಮಾರು 13,000 ಕಟ್ಟುತ್ತಿದ್ದರೂ ಒಂದು ವರ್ಷದಿಂದ ಬಾಕಿ ಇಳಿದಿಲ್ಲ, ದಿನಸಿ ಮತ್ತು ಪೆಟ್ರೋಲ್ ಈಗಲೂ ಕಾರ್ಡಿನಲ್ಲೇ ನಡೆಯುತ್ತಿವೆ, ಏಜೆಂಟರೊಬ್ಬರು ‘ಆರು ತಿಂಗಳು ಏನೂ ಕಟ್ಟಬೇಡಿ, ಅರ್ಧಕ್ಕೆ ಸೆಟಲ್ ಮಾಡಿಸಿಕೊಡುತ್ತೇವೆ’ ಎನ್ನುತ್ತಿದ್ದಾರೆ. ನಿಮ್ಮ ಸಂಬಳ ನಿಂತಿಲ್ಲ, ಇದುವರೆಗೆ ಒಂದು ಕಂತೂ ತಪ್ಪಿಲ್ಲ. ಈ ಸ್ಥಿತಿಯಲ್ಲಿ ಏಜೆಂಟರ ಅಗತ್ಯ ನಿಮಗಿಲ್ಲ. ನೀವೇ ತೀರಿಸಬಹುದು ಎಂದು ಧೈರ್ಯವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚು ಕಡಿಮೆ ಇಷ್ಟೇ ಸಾಲವನ್ನು ನಾನು ಹಾಗೆ ತೀರಿಸಿದ್ದೇನೆ.

ನಾನು ದಾವಣಗೆರೆಯ ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು. ಅಪ್ಪನ ಆಸ್ಪತ್ರೆಯ ಬಿಲ್ಲಿನಿಂದ ಶುರುವಾದದ್ದು, ಫ್ರಿಜ್ಜು, ಮೊಬೈಲು, ತಂಗಿಯ ಮದುವೆಯ ಜವಳಿ ಎಂದು ಬೆಳೆದು, 2022ರ ಕೊನೆಯ ಹೊತ್ತಿಗೆ ಮೂರು ಕಾರ್ಡ್‌ಗಳಲ್ಲಿ 2,44,000 ರೂಪಾಯಿ ಆಗಿತ್ತು. ಪರರ ಕಿರ್ದಿ, ಖಾತೆಗಳನ್ನು ಪೈಸೆ ತಪ್ಪದಂತೆ ಬರೆಯುತ್ತಿದ್ದ ನಾನು ನನ್ನದೇ ಮನೆಯ ಲೆಕ್ಕವನ್ನು ಒಂದು ದಿನವೂ ಬರೆದಿಟ್ಟಿರಲಿಲ್ಲ.

ಮೊದಲು ನಿಮ್ಮ ಬಾಕಿ ಏಕೆ ಇಳಿಯುತ್ತಿಲ್ಲ ಎಂಬುದನ್ನು ನೋಡೋಣ. ನಮ್ಮಲ್ಲಿ ಹೆಚ್ಚಿನ ಕಾರ್ಡ್‌ಗಳ ಬಡ್ಡಿ ತಿಂಗಳಿಗೆ ಶೇ 3ರಿಂದ 3.75ರವರೆಗೆ ಇರುತ್ತದೆ. ಬಿಲ್ಲಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದರಿಂದಲೋ, ತಿಂಗಳ ಲೆಕ್ಕದಲ್ಲಿ ಹೇಳುವುದರಿಂದಲೋ ಅದು ನಮಗೆ ಭಾರವೆನಿಸುವುದಿಲ್ಲ. ವರ್ಷಕ್ಕೆ ಹಿಡಿದರೆ 3.5 ಎಂಬುದು 42 ಆಗುತ್ತದೆ. ಆ ಬಡ್ಡಿಯ ಮೇಲೆ ಶೇ 18ರಷ್ಟು ಜಿಎಸ್‌ಟಿ ಬೇರೆ. ನಿಮ್ಮ 2,60,000ಕ್ಕೆ ಶೇ 3.5ರಂತೆ ಒಂದು ತಿಂಗಳ ಬಡ್ಡಿ 9,100, ಜಿಎಸ್‌ಟಿ 1,638, ಒಟ್ಟು 10,738. ನೀವು ಕಟ್ಟುವ 13,000ದಲ್ಲಿ ಅಸಲಿಗೆ ಹೋಗುವುದು 2,262 ರೂಪಾಯಿ ಮಾತ್ರ. ಅದೇ ತಿಂಗಳು ಮೂರು ಸಾವಿರದ ದಿನಸಿಯನ್ನು ಅದೇ ಕಾರ್ಡಿನಲ್ಲಿ ತಂದರೆ ಸಾಲ ಇಳಿಯುವ ಬದಲು ಏರುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹಿಂದಿನ ಬಿಲ್ಲನ್ನು ಪೂರ್ತಿ ಕಟ್ಟದೆ ಬಾಕಿ ಉಳಿಸಿಕೊಂಡಿರುವಷ್ಟು ಕಾಲ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಇರುವುದಿಲ್ಲ. ಇವತ್ತು ಹಾಕಿಸಿದ ಪೆಟ್ರೋಲಿಗೆ ಇವತ್ತಿನಿಂದಲೇ ಬಡ್ಡಿ ಓಡುತ್ತದೆ. ‘ರಿವಾರ್ಡ್ ಪಾಯಿಂಟ್ ಬರುತ್ತದಲ್ಲ’ ಎಂದು ನಾನೂ ಬಹಳ ದಿನ ಸಮಾಧಾನ ಮಾಡಿಕೊಂಡಿದ್ದೆ. ನೂರು ರೂಪಾಯಿ ಖರ್ಚಿಗೆ ಒಂದು ರೂಪಾಯಿಯ ಪಾಯಿಂಟ್ ಕೊಟ್ಟು, ಅದೇ ನೂರಕ್ಕೆ ತಿಂಗಳಿಗೆ ನಾಲ್ಕು ರೂಪಾಯಿ ವಸೂಲು ಮಾಡುವ ವ್ಯವಹಾರ ಅದು.

ಹಾಗಾಗಿ ಮಾಡಬೇಕಾದ ಮೊದಲ ಕೆಲಸ ಕಟ್ಟುವುದಲ್ಲ, ನಿಲ್ಲಿಸುವುದು. ಕಾರ್ಡನ್ನು ಬೀರುವಿನಲ್ಲಿಟ್ಟರೆ ಸಾಲದು. ನಾನು ಹಾಗೆಯೇ ಮೂರನ್ನೂ ಮನೆಪತ್ರದ ಫೈಲಿನಲ್ಲಿಟ್ಟು ಬೀಗ ಹಾಕಿದೆ. ಆದರೂ ಮುಂದಿನ ಬಿಲ್ಲಿನಲ್ಲಿ 2,700 ರೂಪಾಯಿಯ ಖರ್ಚು ಬಂತು. ಊಟ ತರಿಸುವ ಆಪ್‌ನಲ್ಲಿ, ಬಸ್ ಟಿಕೆಟ್ ಕಾಯ್ದಿರಿಸುವಲ್ಲಿ, ಮಗಳು ನೋಡುವ ಓಟಿಟಿಯಲ್ಲಿ ಕಾರ್ಡಿನ ವಿವರ ಉಳಿದೇ ಇತ್ತು. ಎಲ್ಲ ಕಡೆಯಿಂದಲೂ ಅದನ್ನು ಅಳಿಸಿ, ಬ್ಯಾಂಕಿನ ಆಪ್‌ನಲ್ಲಿ ಆನ್‌ಲೈನ್ ಬಳಕೆ, ಅಂಗಡಿಯ ಸ್ವೈಪ್, ಎಟಿಎಂ ಎಂದು ಬೇರೆ ಬೇರೆ ಇರುವ ಗುಂಡಿಗಳನ್ನೆಲ್ಲ ಆರಿಸಿದ ಮೇಲೆಯೇ ನಿಜವಾಗಿ ನಿಂತದ್ದು. ರುಪೇ ಕಾರ್ಡನ್ನು ಯುಪಿಐಗೆ ಜೋಡಿಸಿದ್ದರೆ ಅದನ್ನೂ ಕಿತ್ತುಹಾಕಿ, ಏಕೆಂದರೆ ಹಾಲಿನ ಅಂಗಡಿಯಲ್ಲಿ ಸ್ಕ್ಯಾನ್ ಮಾಡುವಾಗ ಯಾವ ಖಾತೆಯಿಂದ ಹಣ ಹೋಗುತ್ತಿದೆ ಎಂದು ಯಾರೂ ನೋಡುವುದಿಲ್ಲ.

ಆಮೇಲೆ ಲೆಕ್ಕ. ಒಂದು ಭಾನುವಾರ ಮೂರೂ ಬಿಲ್ಲುಗಳ ಮುದ್ರಿತ ಪ್ರತಿ ತೆಗೆದು, ಹಳೆಯ ಉದ್ದ ಪುಸ್ತಕವೊಂದರಲ್ಲಿ ನಾಲ್ಕು ಅಂಕಣ ಹಾಕಿದೆ: ಬಾಕಿ, ಬಡ್ಡಿದರ, ಈ ತಿಂಗಳ ಬಡ್ಡಿ ಮತ್ತು ತೆರಿಗೆ, ಬಿಲ್ ತಯಾರಾಗುವ ದಿನ. ಮೊದಲ ಕಾರ್ಡಿನಲ್ಲಿ 1,32,000 ಶೇ 3.5ರಂತೆ, ಎರಡನೆಯದರಲ್ಲಿ 74,000 ಶೇ 3.75ರಂತೆ, ಮೂರನೆಯದರಲ್ಲಿ 38,000 ಶೇ 3.25ರಂತೆ. ಮೂರರ ಬಡ್ಡಿ ಮತ್ತು ಜಿಎಸ್‌ಟಿ ಸೇರಿ ತಿಂಗಳಿಗೆ 10,183. ಪಕ್ಕದಲ್ಲಿ ಕೂತಿದ್ದ ನನ್ನ ಪತ್ನಿ ಅದನ್ನು ಮೂವತ್ತರಿಂದ ಭಾಗಿಸಿ, ‘ದಿನಕ್ಕೆ 339 ರೂಪಾಯಿ’ ಎಂದಷ್ಟೇ ಹೇಳಿದಳು. ಅವಳು ಒಂದು ರವಿಕೆ ಹೊಲಿದರೆ ಆಗ ಸಿಗುತ್ತಿದ್ದದ್ದು 250. ಸಾಲದ ವಿಷಯವನ್ನು ಮನೆಯಲ್ಲಿ ಇಷ್ಟು ಬಿಚ್ಚಿ ಹೇಳಿದ್ದು ಅದೇ ಮೊದಲು, ಮತ್ತು ಮುಂದಿನದು ಸಾಧ್ಯವಾದದ್ದೂ ಅದರಿಂದಲೇ. ನೀವು ಇನ್ನೂ ಮನೆಯವರಿಗೆ ಹೇಳಿಲ್ಲವಾದರೆ, ದಯವಿಟ್ಟು ಇದನ್ನು ಮುಂದೂಡಬೇಡಿ.

ಏಕೆಂದರೆ ಆ ಸಂಜೆಯೇ ಅವಳು ತನ್ನ ಎರಡೆಳೆ ಸರವನ್ನು ಅಡವಿಡಲು ಒಪ್ಪಿದಳು. ಬ್ಯಾಂಕಿನಲ್ಲಿ ವರ್ಷಕ್ಕೆ ಶೇ 9ರ ಬಡ್ಡಿಗೆ 90,000 ಚಿನ್ನದ ಸಾಲ ಸಿಕ್ಕಿತು. ಅದರಲ್ಲಿ ಶೇ 3.75ರ ಕಾರ್ಡಿನ 74,000ವನ್ನು ಪೂರ್ತಿ ತೀರಿಸಿ, ಉಳಿದ 16,000ವನ್ನು ದೊಡ್ಡ ಬಾಕಿಯ ಕಾರ್ಡಿಗೆ ಹಾಕಿದೆ. ಆ 74,000ಕ್ಕೆ ಕಾರ್ಡಿನಲ್ಲಿ ತಿಂಗಳಿಗೆ ತೆರಿಗೆಯೂ ಸೇರಿ 3,275 ಹೋಗುತ್ತಿತ್ತು. ಚಿನ್ನದ ಸಾಲದ ಇಡೀ 90,000ಕ್ಕೆ ಬಂದ ತಿಂಗಳ ಬಡ್ಡಿ 675. ಆದರೆ ಕಾರ್ಡ್‌ಗಳನ್ನು ನಿಲ್ಲಿಸುವ ಮೊದಲು ಚಿನ್ನ ಅಡವಿಟ್ಟವರ ಗತಿಯನ್ನು ನಾನು ಕಂಡಿದ್ದೇನೆ: ಖಾಲಿಯಾದ ಕಾರ್ಡ್ ಆರು ತಿಂಗಳಲ್ಲಿ ಮತ್ತೆ ತುಂಬುತ್ತದೆ, ಸರವೂ ಬ್ಯಾಂಕಿನಲ್ಲೇ ಉಳಿಯುತ್ತದೆ. ಕ್ರಮ ತಪ್ಪಬಾರದು. ಮನೆಯಲ್ಲಿ ಚಿನ್ನವಿಲ್ಲದಿದ್ದರೆ ಎಲ್‌ಐಸಿ ಪಾಲಿಸಿಯ ಮೇಲಿನ ಸಾಲವನ್ನು ವಿಚಾರಿಸಿ, ಅಥವಾ ಬಾಕಿಯನ್ನೇ ಇಎಂಐ ಆಗಿ ಬದಲಿಸಲು ಕಾರ್ಡ್ ಕೊಟ್ಟ ಬ್ಯಾಂಕನ್ನೇ ಕೇಳಿ. ಇಎಂಐ ಬಡ್ಡಿಯ ಮೇಲೂ ಜಿಎಸ್‌ಟಿ ಇರುತ್ತದೆ, ಸಂಸ್ಕರಣಾ ಶುಲ್ಕವಿರುತ್ತದೆ, ಮೊದಲೇ ತೀರಿಸಿದರೆ ದಂಡವೂ ಇರಬಹುದು. ಆದರೂ ಸಾಮಾನ್ಯವಾಗಿ 42ಕ್ಕಿಂತ ಬಹಳ ಕಡಿಮೆಗೆ ಬರುತ್ತದೆ.

ಯಾವ ಕಾರ್ಡನ್ನು ಮೊದಲು ತೀರಿಸಬೇಕು, ಬಡ್ಡಿ ಹೆಚ್ಚಿರುವುದನ್ನೋ ಬಾಕಿ ಕಡಿಮೆ ಇರುವುದನ್ನೋ ಎಂದು ಅಂತರ್ಜಾಲದಲ್ಲಿ ದೊಡ್ಡ ಚರ್ಚೆಯೇ ಇದೆ. ನಮ್ಮ ಕಾರ್ಡ್‌ಗಳ ಮಟ್ಟಿಗೆ ಅದಕ್ಕೆ ಅಷ್ಟು ಮಹತ್ವವಿಲ್ಲವೆಂದು ನನ್ನ ಅಭಿಪ್ರಾಯ. ಶೇ 3.25ಕ್ಕೂ 3.75ಕ್ಕೂ ಇರುವ ವ್ಯತ್ಯಾಸ 38,000ದ ಬಾಕಿಗೆ ತಿಂಗಳಿಗೆ 190 ರೂಪಾಯಿ, ತೆರಿಗೆ ಬೇರೆ. ಚಿಕ್ಕದೊಂದು ಮುಗಿದರೆ ಮನಸ್ಸಿಗೆ ಬಲ ಬರುತ್ತದೆಂದಾದರೆ ಅದನ್ನೇ ಮುಗಿಸಿ. ಒಂದಕ್ಕೆ ಹೆಚ್ಚು ಕಟ್ಟುವಾಗ ಉಳಿದವುಗಳ ಮಿನಿಮಮ್ ತಪ್ಪದಿದ್ದರೆ ಸಾಕು.

ಯಾವ ದಿನ ಕಟ್ಟುತ್ತೀರಿ ಎಂಬುದು ಇದಕ್ಕಿಂತ ಮುಖ್ಯ, ಮತ್ತು ಇದನ್ನು ಯಾರೂ ಹೇಳಿಕೊಡುವುದಿಲ್ಲ. ಬಡ್ಡಿ ದಿನದ ಲೆಕ್ಕದಲ್ಲಿ ಬೀಳುತ್ತದೆಯೇ ಹೊರತು ಕೊನೆಯ ದಿನಾಂಕದಿಂದ ಅಲ್ಲ. ಮನೆಯ ಖರ್ಚು ಕಳೆದು ನನಗೆ ತಿಂಗಳಿಗೆ 22,000 ಉಳಿಯುವಂತೆ ನೋಡಿಕೊಂಡಿದ್ದೆ. ಅದರಲ್ಲಿ 19,400 ದೊಡ್ಡ ಕಾರ್ಡಿಗೆ ಮೀಸಲು. ಆ ಮೊತ್ತವನ್ನು ಹದಿನೆಂಟು ದಿನ ಉಳಿತಾಯ ಖಾತೆಯಲ್ಲಿಟ್ಟುಕೊಂಡು ಕೊನೆಯ ದಿನ ಕಟ್ಟುವುದಕ್ಕೂ, ಸಂಬಳ ಬಂದ ಸಂಜೆಯೇ ಕಟ್ಟುವುದಕ್ಕೂ ಇರುವ ಅಂತರ ತೆರಿಗೆ ಸೇರಿ ಸುಮಾರು 474 ರೂಪಾಯಿ. ಪ್ರತಿ ತಿಂಗಳೂ. ಅದಲ್ಲದೆ ಖಾತೆಯಲ್ಲಿ ಹದಿನೆಂಟು ದಿನ ಕೂತ ಹಣಕ್ಕೆ ಹದಿನೆಂಟು ಖರ್ಚು ಹುಟ್ಟಿಕೊಳ್ಳುತ್ತವೆ.

ಆದರೆ ಇಲ್ಲಿಯೇ ನಾನೊಮ್ಮೆ ಎಡವಿದೆ. ಮೂರನೆಯ ಕಾರ್ಡಿನ ಬಿಲ್ ತಯಾರಾಗುತ್ತಿದ್ದದ್ದು 4ನೇ ತಾರೀಖು, ನಾನು ಕಟ್ಟಿದ್ದು 1ರಂದು. 4ರಂದು ಬಂದ ಹೊಸ ಬಿಲ್ಲಿನ ಮಿನಿಮಮ್ ಕೂಡ ಅದರಲ್ಲೇ ಜಮಾ ಆಯಿತೆಂದು ಭಾವಿಸಿ ಸುಮ್ಮನಿದ್ದೆ. ಬಿಲ್ ತಯಾರಾಗುವ ಮುನ್ನ ಕಟ್ಟಿದ ಹಣ ಆ ಬಿಲ್ಲಿನ ಬಾಕಿಯನ್ನು ಇಳಿಸುತ್ತದೆಯೇ ವಿನಾ ಅದರ ಮಿನಿಮಮ್ ಆಗಿ ಎಣಿಕೆಯಾಗುವುದಿಲ್ಲ. ತಿಂಗಳ ಕೊನೆಗೆ ಲೇಟ್ ಫೀ ಬಿತ್ತು. ತಪ್ಪು ನನ್ನದೇ. ಕೊನೆಯ ದಿನ ಕಳೆದು ಮೂರು ದಿನಕ್ಕಿಂತ ಹೆಚ್ಚು ತಡವಾದರೆ ಮಾತ್ರ ಲೇಟ್ ಫೀ ಹಾಕಬಹುದೆಂದು ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿರ್ದೇಶನಗಳಲ್ಲಿದೆ, ಆದರೆ ನಾನು ಆರು ದಿನ ಮೀರಿದ್ದೆ. ಬಿಲ್ಲಿನ ಆವರ್ತವನ್ನು ಬದಲಿಸಿಕೊಳ್ಳುವ ಅವಕಾಶವನ್ನೂ ಅದೇ ನಿರ್ದೇಶನಗಳು ಗ್ರಾಹಕನಿಗೆ ಕೊಟ್ಟಿವೆ. ಅದನ್ನು ಬಳಸಿ ಬಿಲ್ ದಿನವನ್ನು 26ಕ್ಕೆ ಹಾಕಿಸಿಕೊಂಡೆ. ಬಿಲ್ ಬಂದ ಐದಾರು ದಿನಕ್ಕೆ ಸಂಬಳ, ಅವತ್ತೇ ಪಾವತಿ. ನೀವೂ ಮೂರೂ ಬಿಲ್ಲುಗಳನ್ನು ಸಂಬಳದ ದಿನಕ್ಕಿಂತ ಸ್ವಲ್ಪ ಮೊದಲು ಬರುವಂತೆ ಮಾಡಿಸಿಕೊಳ್ಳಿ. ಜೊತೆಗೆ ಮಿನಿಮಮ್ ಮೊತ್ತಕ್ಕೆ ಆಟೋ ಡೆಬಿಟ್ ಇಟ್ಟಿರಿ. ಅದು ಮರೆವಿಗೆ ಕಾವಲು ಮಾತ್ರ, ಉಳಿದದ್ದನ್ನು ಕೈಯಾರೆ ಕಟ್ಟಬೇಕು.

ಪುಸ್ತಕದ ಪ್ರಕಾರ ಕಾರ್ಡ್‌ಗಳು ಒಂಬತ್ತು ತಿಂಗಳಲ್ಲಿ, ಚಿನ್ನದ ಸಾಲ ಮತ್ತೆ ನಾಲ್ಕೈದು ತಿಂಗಳಲ್ಲಿ ಮುಗಿಯಬೇಕಿತ್ತು. ನಡುವೆ ಬೈಕಿನ ಎಂಜಿನ್ ಬಿಚ್ಚಿಸಬೇಕಾಯಿತು, ಮಗಳ ಶಾಲೆಯ ಫೀಸು ಬಂತು, ದೀಪಾವಳಿ ಬಂತು. ಅಂಥ ತಿಂಗಳುಗಳಲ್ಲಿ 22,000ದ ಬದಲು 12,000 ಕಟ್ಟಿದೆ. ಒಟ್ಟು ಹದಿನಾರು ತಿಂಗಳು ಹಿಡಿಯಿತು. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಯೋಜನೆ ಒಂದು ತಿಂಗಳು ಹಳಿ ತಪ್ಪಿದ ಕೂಡಲೇ ‘ಇದು ನಮ್ಮಿಂದಾಗದು’ ಎಂದು ಪುಸ್ತಕ ಮುಚ್ಚುವವರೇ ಹೆಚ್ಚು. ಮೂರನೆಯ ತಿಂಗಳಿನಿಂದ ನಾನು ಪ್ರತಿ ತಿಂಗಳು 2,000ವನ್ನು ಬೇರೆ ಖಾತೆಯಲ್ಲಿ ತೆಗೆದಿಡಲು ಶುರು ಮಾಡಿದೆ. 42ರ ಬಡ್ಡಿಯ ಸಾಲವಿರುವಾಗ ಹಣ ಕೂಡಿಡುವುದು ಲೆಕ್ಕಕ್ಕೆ ತಪ್ಪು, ಒಪ್ಪುತ್ತೇನೆ. ಆದರೆ ಕೈಯಲ್ಲಿ ಶಿಲ್ಕೇ ಇಲ್ಲದಿದ್ದರೆ ಮೆಕ್ಯಾನಿಕ್‌ನ ಬಿಲ್ಲಿಗೆ ಮತ್ತೆ ಕಾರ್ಡೇ ಹೊರಬರುತ್ತದೆ.

ಈಗ ನಿಮ್ಮ ಏಜೆಂಟರ ಮಾತಿಗೆ ಬರುತ್ತೇನೆ. ಮಿನಿಮಮ್ ಮೊತ್ತ ಕೊನೆಯ ದಿನದಿಂದ 90 ದಿನಗಳೊಳಗೆ ಪೂರ್ತಿ ಬಾರದಿದ್ದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಆರು ತಿಂಗಳು ಕಟ್ಟಬೇಡಿ ಎಂದರೆ, ನಿಮ್ಮನ್ನು ಬೇಕೆಂದೇ ಆ ಹಳ್ಳಕ್ಕೆ ಇಳಿಸಿ, ಆಮೇಲೆ ಮೇಲೆತ್ತಲು ಕೂಲಿ ಕೇಳುವುದು ಎಂದರ್ಥ. ಆ ಆರು ತಿಂಗಳೂ ಬಡ್ಡಿ, ಲೇಟ್ ಫೀ ಬೆಳೆಯುತ್ತಲೇ ಇರುತ್ತವೆ, ವಸೂಲಿಯವರ ಕರೆಗಳು ನಿಮಗೇ ಬರುತ್ತವೆ. ಅರ್ಧಕ್ಕೆ ಮುಗಿಸಿದರೂ ನಿಮ್ಮ ಸಾಲಗಳ ಚರಿತ್ರೆ ಇರುವ ಸಿಬಿಲ್ ವರದಿಯಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ದಾಖಲಾಗಿ, ಮುಂದೆ ಮನೆ ಸಾಲಕ್ಕೆ ಹೋದಾಗ ಅದೇ ಅಡ್ಡ ಬರುತ್ತದೆ. ಕೆಲಸ ಹೋಗಿ ನಿಜಕ್ಕೂ ಕಟ್ಟಲಾಗದವರಿಗೆ ಸೆಟಲ್‌ಮೆಂಟ್ ಒಂದು ದಾರಿ ಇರಬಹುದು, ಅದನ್ನೂ ಬ್ಯಾಂಕಿನೊಂದಿಗೆ ನೇರವಾಗಿ ಮಾತನಾಡಬಹುದು. ನಿಮಗೆ ಆ ಪರಿಸ್ಥಿತಿ ಇಲ್ಲ. ‘ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ, ಕೋರ್ಟಿಗೆ ಹೋಗಿ’ ಎನ್ನುವವರೂ ಸಿಗುತ್ತಾರೆ. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹಾಗೆ ಹೇಳಿದ್ದು ಹೌದು, ಆದರೆ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆ ಆದೇಶವನ್ನು ರದ್ದುಪಡಿಸಿದೆ.

ಕೊನೆಯ ಕಾರ್ಡಿನ ಬಾಕಿ 15,264ನ್ನು ಬಿಲ್ ಬಂದ ಎಂಟನೇ ದಿನ ಪೂರ್ತಿ ಕಟ್ಟಿ, ಪುಸ್ತಕದಲ್ಲಿ ಎರಡು ಗೆರೆ ಎಳೆದು ಮುಗಿಸಿದೆ. ಮುಂದಿನ ತಿಂಗಳು 154 ರೂಪಾಯಿಯ ಬಿಲ್ ಬಂತು. ಮೋಸವೆಂದು ರೇಗಿದೆ, ಆಮೇಲೆ ಲೆಕ್ಕ ಹಾಕಿದರೆ ಸರಿಯಾಗಿತ್ತು: ಬಿಲ್ ತಯಾರಾದ ದಿನದಿಂದ ನಾನು ಕಟ್ಟಿದ ದಿನದವರೆಗಿನ ಎಂಟು ದಿನಗಳ ಬಡ್ಡಿ. ಈ ಬಾಲಬಡ್ಡಿಯನ್ನು ಗಮನಿಸದೆ ಬಿಟ್ಟು, ತೀರಿಸಿದ ಸಾಲಕ್ಕೆ ಲೇಟ್ ಫೀ ತೆತ್ತವರಿದ್ದಾರೆ. ಅದನ್ನೂ ಕಟ್ಟಿ, ಶೂನ್ಯ ಬಾಕಿಯ ಬಿಲ್ ಕೈಗೆ ಬಂದ ಮೇಲೆ ಎರಡು ಕಾರ್ಡ್ ಮುಚ್ಚಲು ಬರೆದುಕೊಟ್ಟೆ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಮಗೆ ಕೊಡಬೇಕು ಎಂಬ ನಿಯಮವಿರುವುದರಿಂದ ತಕರಾರಿಲ್ಲದೆ ಆಯಿತು. ಹಳೆಯದೊಂದನ್ನು ಉಳಿಸಿಕೊಂಡು ಅದರ ಮಿತಿಯನ್ನು 30,000ಕ್ಕೆ ಇಳಿಸಿಕೊಂಡಿದ್ದೇನೆ.

ನಿಮ್ಮ ಮೂರೂ ಕಾರ್ಡ್‌ಗಳ ಬಾಕಿ, ತಿಂಗಳ ಬಡ್ಡಿದರ, ಬಿಲ್ ಬರುವ ದಿನ ಮತ್ತು ಸಂಬಳದ ದಿನ ಇಷ್ಟನ್ನು ಇಲ್ಲೇ ಕೆಳಗೆ ಬರೆದರೆ ತಿಂಗಳವಾರು ಪಟ್ಟಿಯನ್ನು ನಾನು ಹಾಕಿಕೊಡುತ್ತೇನೆ. ಬ್ಯಾಂಕಿನ ಹೆಸರಾಗಲಿ ಕಾರ್ಡಿನ ಸಂಖ್ಯೆಯಾಗಲಿ ಬೇಡ.