ಸರ್ಕಾರ-ಖಾಸಗಿ ಪಾಲುದಾರಿಕೆ (ಪಿಪಿಪಿ) ಯೋಜನೆ ನಡೆಸಲು ಅಧಿಕಾರಿಗಳಿಗೆ ಯಾವ ಕೌಶಲ ಬೇಕು?

ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು ಕರಾರು ಬರೆಯುವ, ಆಮೇಲೆ ಅದನ್ನು ವರ್ಷಗಟ್ಟಲೆ ನಿಭಾಯಿಸುವ ಕೌಶಲ. ಪಿಪಿಪಿಯಲ್ಲೇ ಕಟ್ಟಿದ ಬೆಂಗಳೂರು ವಿಮಾನ ನಿಲ್ದಾಣವನ್ನೇ ನೋಡಿ. 2004ರ ಒಪ್ಪಂದದಲ್ಲಿ ಒಂದು ಷರತ್ತಿದೆ: ನಿಲ್ದಾಣ ಶುರುವಾಗಿ 25 ವರ್ಷ ಆಗುವವರೆಗೆ 150 ಕಿ.ಮೀ. ಒಳಗೆ ಇನ್ನೊಂದು ಹೊಸ ನಿಲ್ದಾಣ ಬರುವಂತಿಲ್ಲ (ಮೈಸೂರು, ಹಾಸನಕ್ಕೆ ವಿನಾಯಿತಿ). ನಿಲ್ದಾಣ ತೆರೆದದ್ದು 2008ರಲ್ಲಿ. ಹಾಗಾಗಿ ಎರಡನೇ ನಿಲ್ದಾಣದ ಮಾತು ಬಂದಾಗಲೆಲ್ಲ 2033ರ ಲೆಕ್ಕ ಹಾಕಲೇಬೇಕು.

ಹೂಡಿಕೆದಾರರು ಇಂಥ ಭದ್ರತೆ ಕೇಳುವುದು ಸಹಜ. ಆದರೆ ಪ್ರಯಾಣಿಕರು ಅಂದಾಜು ಮೀರಿ ಬಂದರೆ ಏನು ಗತಿ ಅಂತ ಕೇಳುವವರು ಸರ್ಕಾರದ ಕಡೆಯೂ ಇರಬೇಕಲ್ವಾ? ಸುಮ್ನೆ ತರಬೇತಿ ಶಿಬಿರ ಮಾಡಿದರೆ ಸಾಲದು. ಹಣಕಾಸು, ಕಾನೂನು ಎರಡೂ ಬಲ್ಲ ಒಂದು ಸಣ್ಣ ತಂಡ ಬೇಕು. ಎರಡು ವರ್ಷಕ್ಕೊಮ್ಮೆ ಅವರನ್ನು ವರ್ಗ ಮಾಡಬಾರದು, ಏಕೆಂದರೆ ಇಂಥ ಒಪ್ಪಂದಗಳು ದಶಕಗಟ್ಟಲೆ ನಡೆಯುತ್ತವೆ.