ಬ್ರಿಜ್ ನಡುಗಿದರೆ ಬೀಳುತ್ತದಾ?

ಪ್ರಶ್ನೆ: ಸಂಜೆ ಫಾಸ್ಟ್ ಲೋಕಲ್ ರೈಲು ಬಂದು ನಿಂತದ್ದೇ ತಡ, ಸ್ಟೇಷನ್ನಿನ ಪಾದಚಾರಿ ಬ್ರಿಜ್ ಮೇಲೆ ಜನ ನುಗ್ಗುತ್ತಾರೆ. ಕಾಲ ಕೆಳಗೆ ಥರಥರ ಅನ್ನುತ್ತದೆ. ಇದು ಅಪಾಯವಾ? ಹೊರದೇಶದಲ್ಲಿ ಜನಸಂದಣಿಗೆ ತಕ್ಕಂತೆ ತಾನೇ ಬದಲಾಗುವ ಡ್ಯಾಂಪರ್ (ಅಲುಗಾಟ ತಗ್ಗಿಸುವ ಸಾಧನ) ಹಾಕುತ್ತಾರಂತೆ. ಇಲ್ಲಿ ಯಾಕಿಲ್ಲ? – ಓದುಗರು, ಡೊಂಬಿವಲಿ

ಉತ್ತರ: ನಡುಗುವುದು ಬೇರೆ, ಬೀಳುವುದು ಬೇರೆ. ನಾವು ಸೆಕೆಂಡಿಗೆ ಹೆಚ್ಚುಕಡಿಮೆ 2 ಹೆಜ್ಜೆ ಇಡುತ್ತೇವೆ. ಅಂದರೆ ಬ್ರಿಜ್‌ಗೆ ಸೆಕೆಂಡಿಗೆ 2 ಸಲ ಕೆಳಮುಖವಾಗಿ ಒತ್ತು ಬೀಳುತ್ತದೆ. ಎಡಗಾಲು ಒಂದು ಕಡೆ ನೂಕಿದರೆ ಬಲಗಾಲು ಇನ್ನೊಂದು ಕಡೆ ನೂಕುತ್ತದೆ, ಹಾಗಾಗಿ ಅಡ್ಡಡ್ಡ ತೂಗಾಟದ ಲೆಕ್ಕ ಸೆಕೆಂಡಿಗೆ 1. ಪ್ರತಿ ಬ್ರಿಜ್‌ಗೂ ತನ್ನದೇ ಒಂದು ಲಯ ಇರುತ್ತದೆ. ನಮ್ಮ ಹೆಜ್ಜೆ ಆ ಲಯಕ್ಕೆ ಹತ್ತಿರ ಬಂದರೆ, ಉಯ್ಯಾಲೆಯನ್ನು ಸರಿಯಾದ ಗಳಿಗೆಯಲ್ಲಿ ನೂಕಿದ ಹಾಗೆ, ಸಣ್ಣ ಬಲಕ್ಕೂ ದೊಡ್ಡ ಓಲಾಟ ಹುಟ್ಟುತ್ತದೆ.

ಇದನ್ನು ಜಗತ್ತಿಗೆಲ್ಲ ತೋರಿಸಿದ್ದು ಲಂಡನ್ನಿನ ಮಿಲೇನಿಯಂ ಬ್ರಿಜ್. 2000ದ ಜೂನ್ 10ರಂದು ತೆರೆದರು, ಜನ ತುಂಬಿಕೊಂಡರು, ಬ್ರಿಜ್ ಅಡ್ಡಡ್ಡ ವಾಲಾಡತೊಡಗಿತು. ಬೀಳಬಾರದೆಂದು ಎಲ್ಲರೂ ಕಾಲು ಅಗಲಿಸಿ ತೂರಾಡುತ್ತಾ ನಡೆದರು, ಅದರಿಂದ ಓಲಾಟ ಇನ್ನೂ ಜಾಸ್ತಿಯಾಯಿತು. ಎರಡೇ ದಿನಕ್ಕೆ ಬಾಗಿಲು ಹಾಕಿದರು. ಆಮೇಲೆ ಎಂಜಿನಿಯರುಗಳು ಜನರನ್ನು ನಡೆಸಿ ಪರೀಕ್ಷೆ ಮಾಡಿದಾಗ ಕಂಡದ್ದು ವಿಚಿತ್ರ: 160ರ ಆಸುಪಾಸಿನವರೆಗೆ ಏನೂ ಇಲ್ಲ, ಅದರ ಮೇಲೆ ಕೆಲವೇ ಜನ ಸೇರಿದ್ದೇ ಓಲಾಟ ಒಮ್ಮೆಲೇ ಏರಿತು. 37 ಎಣ್ಣೆ ಡ್ಯಾಂಪರ್, ಜೊತೆಗೆ ಸ್ಪ್ರಿಂಗ್ ಮೇಲೆ ಭಾರ ಕೂರಿಸಿದ ಐವತ್ತಕ್ಕೂ ಹೆಚ್ಚು ಡ್ಯಾಂಪರ್‌ಗಳನ್ನು ಹಾಕಿ 2002ರ ಫೆಬ್ರವರಿಯಲ್ಲಿ ಮತ್ತೆ ತೆರೆದರು. ಇಷ್ಟೆಲ್ಲಾ ಆದರೂ ಬ್ರಿಜ್ ಮುರಿಯಲಿಲ್ಲ, ಅಲ್ವಾ?

ಈಗ ನೀವು ಕೇಳಿದ ಡ್ಯಾಂಪರ್. ಸ್ಪ್ರಿಂಗ್ ಮೇಲಿನ ಭಾರವನ್ನು ಬ್ರಿಜ್‌ನ ಲಯಕ್ಕೇ ಹೊಂದಿಸಿರುತ್ತಾರೆ. ಬ್ರಿಜ್ ಈ ಕಡೆ ಬಂದರೆ ಅದು ಆ ಕಡೆ ಎಳೆಯುತ್ತದೆ. ತೊಂದರೆ ಏನೆಂದರೆ ಆ ಲಯ ಒಂದೇ ಥರ ಇರುವುದಿಲ್ಲ. ಹಗುರವಾದ ಬ್ರಿಜ್ ಮೇಲೆ ನೂರಾರು ಜನ ಬಂದು ನಿಂತರೆ ತೂಕ ಹೆಚ್ಚಿ ಲಯ ನಿಧಾನವಾಗುತ್ತದೆ, ಆಗ ಬೆಳಗ್ಗೆ ಖಾಲಿ ಬ್ರಿಜ್‌ಗೆ ಹೊಂದಿಸಿದ್ದ ಡ್ಯಾಂಪರ್ ಸಂಜೆಗೆ ಸುಮ್ನೆ ತೂಗುವ ಭಾರ ಅಷ್ಟೇ. ಅದಕ್ಕೇ ತಾನೇ ಬದಲಾಗುವ ಡ್ಯಾಂಪರ್ ಬಂತು. ಒಂದು ಬಗೆಯಲ್ಲಿ ಎಣ್ಣೆಯೊಳಗೆ ಕಬ್ಬಿಣದ ಸಣ್ಣ ಸಣ್ಣ ಕಣಗಳಿರುತ್ತವೆ. ಸೆನ್ಸರ್ ಅಲುಗಾಟ ಅಳೆಯುತ್ತದೆ, ಕಾಯಿಲ್‌ಗೆ (ಸುತ್ತಿದ ತಂತಿಗೆ) ಕರೆಂಟ್ ಹೋಗಿ ಅದು ಅಯಸ್ಕಾಂತವಾಗುತ್ತದೆ, ಕಣಗಳು ಸಾಲುಗಟ್ಟಿ ನಿಂತು ಎಣ್ಣೆ ಕೆಲವೇ ಮಿಲಿಸೆಕೆಂಡಿನಲ್ಲಿ ಗಟ್ಟಿಯಾಗುತ್ತದೆ. ಕರೆಂಟ್ ಕಡಿಮೆ ಮಾಡಿದರೆ ಮತ್ತೆ ತೆಳು. ರಷ್ಯಾದ ವೋಲ್ಗೋಗ್ರಾಡ್‌ನಲ್ಲಿ 2010ರಲ್ಲಿ ಗಾಳಿಗೆ ಅಲೆಅಲೆಯಾಗಿ ಎದ್ದುಬಿದ್ದ ರಸ್ತೆ ಸೇತುವೆಗೆ ಮರುವರ್ಷ ಇಂಥ 12 ಡ್ಯಾಂಪರ್ ಹಾಕಿದರು.

ಆದರೆ ನಿಮ್ಮ ಸ್ಟೇಷನ್ ಬ್ರಿಜ್‌ಗೆ ಇದು ಬೇಡ ಅಂತಲೇ ನಾನು ಹೇಳುವುದು. ಇದೆಲ್ಲ ಉದ್ದನೆಯ, ಸಪೂರ ಬ್ರಿಜ್‌ಗಳ ಕಾಯಿಲೆ. ನಮ್ಮ ರೈಲ್ವೆಯ ಗರ್ಡರ್ (ದಪ್ಪ ತೊಲೆಯ) ಬ್ರಿಜ್‌ಗಳು ಗಿಡ್ಡ, ಬಿಗಿ. ಅಲ್ಲಿ ಥರಥರ ಅನ್ನುವುದು ಸಾಮಾನ್ಯ. ಮುಂಬಯಿಯಲ್ಲಿ ಜೀವ ತೆಗೆದದ್ದು ಓಲಾಟವಲ್ಲ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನಲ್ಲಿ ಇಕ್ಕಟ್ಟಾದ ಮೆಟ್ಟಿಲ ಮೇಲಿನ ನೂಕುನುಗ್ಗಲು. 2019ರ ಮಾರ್ಚ್ 14ರಂದು ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಟೇಷನ್ ಪಕ್ಕದ ಬ್ರಿಜ್‌ನ ನೆಲವೇ ಕುಸಿಯಿತು. ಯಾವ ಡ್ಯಾಂಪರ್ ತಾನೇ ಇದನ್ನು ತಡೆದೀತು? ನೀವು ನೋಡಬೇಕಾದದ್ದು ಕಂಬದ ಬುಡ. ಮಳೆನೀರು ನಿಲ್ಲುವ ಜಾಗದಲ್ಲಿ ಬಣ್ಣ ಗುಳ್ಳೆ ಎದ್ದಿದೆಯಾ, ಕೆರೆದರೆ ಪದರ ಪದರವಾಗಿ ತುಕ್ಕು ಉದುರುತ್ತದಾ, ಬೋಲ್ಟ್ ಇರಬೇಕಾದಲ್ಲಿ ಬರೀ ತೂತು ಇದೆಯಾ? ಮೊನ್ನೆವರೆಗೆ ಇಲ್ಲದ ಅಲುಗಾಟ ಅಥವಾ ಟಣಟಣ ಸದ್ದು ಹೊಸದಾಗಿ ಶುರುವಾಗಿದ್ದರೆ ಫೋಟೋ ಸಮೇತ ಸ್ಟೇಷನ್ ಮಾಸ್ಟರಿಗೆ ಬರೆದು ಕೊಡಿ.

ಪ್ರಶ್ನೆ: ಕರೆಂಟ್ ಹೋದರೆ ಆ ಡ್ಯಾಂಪರ್ ಗತಿ? – ಓದುಗರು, ಠಾಣೆ

ಉತ್ತರ: ಮಾಮೂಲಿ ಎಣ್ಣೆ ಡ್ಯಾಂಪರ್ ಆಗಿ ಉಳಿಯುತ್ತದೆ. ಹಿಡಿತ ಕಡಿಮೆ, ಆದರೆ ಪೂರ್ತಿ ಕೈಕೊಡುವುದಿಲ್ಲ. ಬೇಕಾಗುವ ವಿದ್ಯುತ್ತೂ ಕಡಿಮೆಯೇ, ಬ್ಯಾಟರಿ ಸಾಕು. ಯಾರೂ ಕದಿಯದಿದ್ದರೆ!

ಪ್ರಶ್ನೆ: ರಜೆಗೆ ಊರಿಗೆ ಹೋದಾಗ ಮಕ್ಕಳು ತೂಗುಸೇತುವೆ ಮೇಲೆ ಕುಣಿಯುತ್ತಾರೆ. ಬಿಡಬಹುದಾ? – ಓದುಗರು, ಮಾಟುಂಗ

ಉತ್ತರ: ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಕಟ್ಟಿದಂಥ ತೂಗುಸೇತುವೆ ಓಲಾಡುವುದು ಸಹಜ, ಹೆದರಬೇಡಿ. ಆದರೆ ಕುಣಿಯಲು ಬಿಡಬೇಡಿ, ಗುಂಪಾಗಿ ನಿಲ್ಲಲೂ ಬೇಡಿ. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ಸೇತುವೆ ಹರಿದು 130ಕ್ಕೂ ಹೆಚ್ಚು ಜನ ಸತ್ತಾಗ, ಹುಡುಗರು ಅಲುಗಾಡಿಸಿದ್ದೇ ಕಾರಣ ಅಂತ ವಿಡಿಯೋ ಓಡಾಡಿತು. ತನಿಖೆಯಲ್ಲಿ ಗೊತ್ತಾದದ್ದೇ ಬೇರೆ: ಒಂದು ಮುಖ್ಯ ಕೇಬಲಿನ 49 ತಂತಿಗಳಲ್ಲಿ 22 ಮೊದಲೇ ತುಕ್ಕು ಹಿಡಿದಿದ್ದವು. ಹಾಗಾಗಿ ಹತ್ತುವ ಮೊದಲು ಕೇಬಲ್ ನೆಲಕ್ಕೆ ಕಚ್ಚುವ ಜಾಗವನ್ನು ಒಮ್ಮೆ ನೋಡಿ. ಮಧ್ಯದಲ್ಲಿ ಓಲಾಟ ಜಾಸ್ತಿ ಅನಿಸಿದರೆ ಓಡಬೇಡಿ, ಕೈಗಂಬಿ ಹಿಡಿದು ನಿಂತುಬಿಡಿ. ಎಲ್ಲರೂ ನಡೆಯುವುದು ನಿಲ್ಲಿಸಿದರೆ ಸ್ವಲ್ಪ ಹೊತ್ತಲ್ಲಿ ಅದೂ ತಣ್ಣಗಾಗುತ್ತದೆ.